ಗಂಡ-ಹೆಂಡತಿಯ ಪಾಸ್‌ಪೋರ್ಟ್ ಬೇರೆಯಾದರೆ ತೆರಿಗೆಯೂ ಬೇರೆ: ಅಮೆರಿಕದ ಎಸ್ಟೇಟ್ ಟ್ಯಾಕ್ಸ್ ಯಾರಿಗೆ, ಎಷ್ಟು?

2026ರ ಜನವರಿ 1ರಿಂದ ಅಮೆರಿಕದಲ್ಲಿ ಒಬ್ಬ ವ್ಯಕ್ತಿ 1.5 ಕೋಟಿ ಡಾಲರ್‌ವರೆಗಿನ ಆಸ್ತಿಯನ್ನು ಫೆಡರಲ್ (ಕೇಂದ್ರ ಸರ್ಕಾರದ) ಎಸ್ಟೇಟ್ ಟ್ಯಾಕ್ಸ್, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, ಇಲ್ಲದೆ ವಾರಸುದಾರರಿಗೆ ಬಿಟ್ಟುಹೋಗಬಹುದು. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾನೂನಿನಲ್ಲಿ ಇದೂ ಒಂದು ಅಂಶ. ಗಂಡ-ಹೆಂಡತಿ ಇಬ್ಬರದೂ ಸೇರಿದರೆ 3 ಕೋಟಿ ಡಾಲರ್. ಅಷ್ಟು ಆಸ್ತಿ ಯಾರ ಹತ್ತಿರ ಇರುತ್ತೆ, ನಮಗೇಕೆ ಈ ಚಿಂತೆ ಅಂತ ಬಹಳ ಜನ ಸುದ್ದಿಯನ್ನು ಅಲ್ಲಿಗೇ ಬಿಟ್ಟಿದ್ದಾರೆ.

ಆದರೆ ಈ 1.5 ಕೋಟಿ ಎಲ್ಲರಿಗೂ ಅಲ್ಲ. ಕೆಲವರಿಗೆ ಸಿಗುವ ವಿನಾಯಿತಿ ಬರೀ 60,000 ಡಾಲರ್. ಇನ್ನು ಕೆಲವರಿಗೆ 1.5 ಕೋಟಿ ಸಿಗುತ್ತದೆ, ಆದರೆ ಸಂಗಾತಿಗೆ ಬಿಟ್ಟ ಆಸ್ತಿಗೆ ಸಿಗಬೇಕಾದ ಇನ್ನೊಂದು ದೊಡ್ಡ ರಿಯಾಯಿತಿ ಸಿಗುವುದಿಲ್ಲ. ಯಾರು ಯಾವ ಕಡೆ ಬೀಳುತ್ತಾರೆ ಅನ್ನುವುದು ಎರಡು ವಿಷಯಗಳ ಮೇಲೆ ನಿಂತಿದೆ: ಪೌರತ್ವ ಮತ್ತು ಡೊಮಿಸೈಲ್, ಅಂದರೆ ಕಾಯಂ ನೆಲೆ. ಗೊಂದಲ ಶುರುವಾಗುವುದು ಇವೆರಡನ್ನೂ ಒಂದೇ ಅಂತ ತಿಳಿದಾಗ.

ತೆರಿಗೆ ಸತ್ತವರ ಆಸ್ತಿಯ ಮೇಲೆ

ಎಸ್ಟೇಟ್ ಟ್ಯಾಕ್ಸ್ ಬೀಳುವುದು ವಾರಸುದಾರರಿಗೆ ಸಿಕ್ಕ ಪಾಲಿನ ಮೇಲೆ ಅಲ್ಲ, ತೀರಿಕೊಂಡವರ ಒಟ್ಟು ಆಸ್ತಿಯ ಮೇಲೆ. ಆಸ್ತಿ ಹಂಚುವ ಮೊದಲೇ ಅದರಿಂದ ತೆರಿಗೆ ಕಟ್ಟಬೇಕು. 2024ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ಕಾಂಗ್ರೆಸ್ ಮುಖಂಡ ಸ್ಯಾಮ್ ಪಿತ್ರೋಡಾ ಅವರು ಇದರ ಬಗ್ಗೆ ಆಡಿದ ಮಾತು ಇಲ್ಲಿ ದೊಡ್ಡ ಗಲಾಟೆಯಾಗಿತ್ತು. ಅಮೆರಿಕದಲ್ಲಿ ಶೇ 55ರಷ್ಟು ಸರ್ಕಾರಕ್ಕೆ ಹೋಗುತ್ತದೆ ಅಂದಿದ್ದರು. ಫೆಡರಲ್ ತೆರಿಗೆಯ ಗರಿಷ್ಠ ದರ ಶೇ 40. ಅದೂ ವಿನಾಯಿತಿ ಮೀರಿದ ಭಾಗಕ್ಕೆ ಮಾತ್ರ.

ಅಮೆರಿಕದ ಪೌರರು ಮತ್ತು ಅಮೆರಿಕದಲ್ಲೇ ಕಾಯಂ ನೆಲೆ ಇರುವವರ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಪ್ರಪಂಚದಲ್ಲಿ ಎಲ್ಲೇ ಇರುವ ಆಸ್ತಿ. ಮೈಸೂರಿನ ಸೈಟು, ಊರಿನ ತೋಟದಲ್ಲಿರುವ ಪಾಲು, ಬ್ಯಾಂಕಿನ ಎಫ್‌ಡಿ, ಎಲ್ಲವೂ. ಇವರಿಗೆ 1.5 ಕೋಟಿ ಡಾಲರ್ ವಿನಾಯಿತಿ ಇದೆ. ಗಮನಿಸಿ, ಇದಕ್ಕೆ ಪೌರತ್ವ ಬೇಕೇ ಬೇಕು ಅಂತಿಲ್ಲ. ಗ್ರೀನ್ ಕಾರ್ಡ್ ಇಟ್ಟುಕೊಂಡು ಡಲ್ಲಾಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ನೆಲೆ ನಿಂತವರಿಗೂ ಪೌರರಷ್ಟೇ ವಿನಾಯಿತಿ.

ಹಾಗಾದರೆ ಪೌರತ್ವದ ಪ್ರಶ್ನೆ ಎಲ್ಲಿ ಬರುತ್ತದೆ? ಗಂಡ-ಹೆಂಡತಿಯ ನಡುವೆ.

ನೋಡುವುದು ಉಳಿದವರ ಪಾಸ್‌ಪೋರ್ಟ್

1981ರಲ್ಲಿ ಅಮೆರಿಕ ಸಂಸತ್ತು ಒಂದು ದೊಡ್ಡ ರಿಯಾಯಿತಿ ತಂದಿತು. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಎಷ್ಟೇ ಆಸ್ತಿ ಬಿಟ್ಟರೂ ಆಗ ತೆರಿಗೆ ಇಲ್ಲ. ನೂರು ಕೋಟಿ ಡಾಲರ್ ಆದರೂ ಇಲ್ಲ. ಇದು ಮಾಫಿ ಅಲ್ಲ, ಮುಂದೂಡಿಕೆ. ಇಬ್ಬರಲ್ಲಿ ಎರಡನೆಯವರು ತೀರಿಕೊಂಡಾಗ ಉಳಿದ ಆಸ್ತಿಯನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆಮೇಲೆ ಒಂದು ಅನುಮಾನ ಬಂತು. ಉಳಿದವರು ವಿದೇಶಿಯರಾಗಿದ್ದು, ಹಣ ತೆಗೆದುಕೊಂಡು ತಮ್ಮ ದೇಶಕ್ಕೆ ಹೊರಟುಬಿಟ್ಟರೆ? ಎರಡನೆಯ ಸಾವಿನ ಹೊತ್ತಿಗೆ ಆ ಆಸ್ತಿ ಅಮೆರಿಕದ ಕೈಗೆ ಸಿಗುವುದೇ ಇಲ್ಲ. ಅದಕ್ಕೇ 1988ರ ಕಾನೂನು ಈ ಬಾಗಿಲು ಮುಚ್ಚಿತು. ಬದುಕುಳಿದ ಸಂಗಾತಿ ಅಮೆರಿಕದ ಪೌರರಲ್ಲದಿದ್ದರೆ ಮಿತಿಯಿಲ್ಲದ ಆ ರಿಯಾಯಿತಿ ಇಲ್ಲ.

ಇಲ್ಲಿ ನೋಡುವುದು ಸತ್ತವರ ಪೌರತ್ವವನ್ನಲ್ಲ, ಉಳಿದವರದ್ದನ್ನು. ಬಹಳ ಜನ ತಿಳಿದಿರುವುದು ಇದರ ಉಲ್ಟಾ. ಗಂಡ ಅಮೆರಿಕನ್ ಪೌರ, ಹೆಂಡತಿ ಭಾರತದ ಪಾಸ್‌ಪೋರ್ಟಿನಲ್ಲಿ ಗ್ರೀನ್ ಕಾರ್ಡ್‌ನವರು ಅಂತಿಟ್ಟುಕೊಳ್ಳಿ. ಗಂಡ ಮೊದಲು ತೀರಿಕೊಂಡರೆ ರಿಯಾಯಿತಿ ಇಲ್ಲ. ಹೆಂಡತಿ ಮೊದಲು ತೀರಿಕೊಂಡರೆ ಇದೆ. ಅದೇ ಮನೆ, ಅದೇ ಆಸ್ತಿ. ಯಾರು ಮೊದಲು ಹೋದರು ಅನ್ನುವುದರ ಮೇಲೆ ತೆರಿಗೆ.

ಲೆಕ್ಕ ಹಾಕಿ ನೋಡೋಣ. ಗಂಡನ ಹೆಸರಿನಲ್ಲಿ 2 ಕೋಟಿ ಡಾಲರ್ ಆಸ್ತಿ, ಎಲ್ಲವೂ ಹೆಂಡತಿಗೆ ಅಂತ ವಿಲ್. 2026ರಲ್ಲಿ ಅವರು ತೀರಿಕೊಂಡರು. ಹೆಂಡತಿ ಪೌರಳಾಗಿದ್ದರೆ ಈಗ ಕಟ್ಟಬೇಕಾದ ತೆರಿಗೆ ಸೊನ್ನೆ. ಪೌರಳಲ್ಲದಿದ್ದರೆ 1.5 ಕೋಟಿ ಕಳೆದು ಉಳಿದ 50 ಲಕ್ಷಕ್ಕೆ ಶೇ 40. ಅಂದರೆ 20 ಲಕ್ಷ ಡಾಲರ್.

ಆಸ್ತಿ 1.5 ಕೋಟಿ ಡಾಲರ್ ಒಳಗೇ ಇದ್ದರೆ ಈ ತಲೆನೋವಿಲ್ಲ. ಅಮೆರಿಕದಲ್ಲಿ ನೆಲೆ ನಿಂತ ಹೆಚ್ಚಿನ ಕನ್ನಡಿಗ ಕುಟುಂಬಗಳು ಈ ಗುಂಪಿಗೆ ಸೇರಿದವು ಅಂತ ಹೇಳಬಹುದು. ಆದರೂ ಒಂದು ಮಾತು. ಕೆಲವು ರಾಜ್ಯಗಳು ತಮ್ಮದೇ ಎಸ್ಟೇಟ್ ಟ್ಯಾಕ್ಸ್ ಹಾಕುತ್ತವೆ. ಒರೆಗಾನ್‌ನಲ್ಲಿ 10 ಲಕ್ಷ ಡಾಲರ್, ಮ್ಯಾಸಚೂಸೆಟ್ಸ್‌ನಲ್ಲಿ 20 ಲಕ್ಷ ಡಾಲರ್ ದಾಟಿದರೆ ತೆರಿಗೆ. ಬಾಸ್ಟನ್ ಸುತ್ತ ಒಂದು ಮನೆ, ಇಬ್ಬರ ನಿವೃತ್ತಿ ಖಾತೆ ಸೇರಿದರೆ 20 ಲಕ್ಷ ದೊಡ್ಡ ಮಾತೇನಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್‌ನಲ್ಲಿ ಇಂಥ ರಾಜ್ಯ ತೆರಿಗೆ ಇಲ್ಲ.

ಕ್ಯೂಡಾಟ್ ಎಂಬ ಟ್ರಸ್ಟ್

1988ರ ಕಾನೂನು ಬಾಗಿಲು ಮುಚ್ಚಿದರೂ ಒಂದು ಕಿಟಕಿ ಬಿಟ್ಟಿತು. ಆಸ್ತಿಯನ್ನು ಹೆಂಡತಿಯ ಕೈಗೆ ನೇರವಾಗಿ ಕೊಡದೆ ಕ್ಯೂಡಾಟ್ ಅನ್ನುವ ವಿಶೇಷ ಟ್ರಸ್ಟಿಗೆ ಹಾಕಿದರೆ ತೆರಿಗೆ ಮುಂದಕ್ಕೆ ಹೋಗುತ್ತದೆ. ಟ್ರಸ್ಟಿಗಳಲ್ಲಿ ಒಬ್ಬರಾದರೂ ಅಮೆರಿಕದ ಪೌರ ಅಥವಾ ಅಲ್ಲಿನ ಕಂಪನಿ ಆಗಿರಬೇಕು. ಟ್ರಸ್ಟಿನ ಆಸ್ತಿ 20 ಲಕ್ಷ ಡಾಲರ್ ದಾಟಿದರೆ ಅಮೆರಿಕದ ಬ್ಯಾಂಕನ್ನೇ ಟ್ರಸ್ಟಿ ಮಾಡಬೇಕು, ಇಲ್ಲವೇ ಆಸ್ತಿಯ ಶೇ 65ರಷ್ಟು ಮೊತ್ತಕ್ಕೆ ಬಾಂಡ್ ಅಥವಾ ಬ್ಯಾಂಕಿನ ಖಾತರಿ ಪತ್ರ ಕೊಡಬೇಕು. ಬ್ಯಾಂಕು ಇದನ್ನು ಸುಮ್ನೆ ಮಾಡುವುದಿಲ್ಲ, ವರ್ಷ ವರ್ಷ ಶುಲ್ಕ ಇರುತ್ತದೆ.

ಟ್ರಸ್ಟಿನಿಂದ ಬರುವ ಬಡ್ಡಿ, ಡಿವಿಡೆಂಡ್, ಬಾಡಿಗೆಯನ್ನು ಹೆಂಡತಿ ಎಸ್ಟೇಟ್ ಟ್ಯಾಕ್ಸ್ ಇಲ್ಲದೆ ಬಳಸಬಹುದು. ಮಾಮೂಲಿ ಆದಾಯ ತೆರಿಗೆ ಅಷ್ಟೆ. ಟ್ರಸ್ಟಿನ ಅಸಲು ಹಣಕ್ಕೆ ಕೈ ಹಾಕಿದರೆ ಮಾತ್ರ ಮುಂದೂಡಿದ ಎಸ್ಟೇಟ್ ಟ್ಯಾಕ್ಸ್ ಅಲ್ಲೇ ಕಟ್ಟಬೇಕು. ಬೇರೆ ದಾರಿಯಿಲ್ಲದ ತುರ್ತು ಕಷ್ಟಕ್ಕೆ ತೆಗೆದರೆ ವಿನಾಯಿತಿ ಇದೆ, ಆದರೆ ಆ ಕಷ್ಟವನ್ನು ತೋರಿಸಬೇಕು. ಕೊನೆಗೆ ಆಕೆ ತೀರಿಕೊಂಡಾಗ ಟ್ರಸ್ಟಿನಲ್ಲಿ ಉಳಿದದ್ದಕ್ಕೆ ತೆರಿಗೆ. ಅದೂ ಗಂಡನ ಆಸ್ತಿಯ ಲೆಕ್ಕದಲ್ಲಿ, ಆಕೆಯದ್ದರಲ್ಲಿ ಅಲ್ಲ.

ವಿಲ್‌ನಲ್ಲಿ ಕ್ಯೂಡಾಟ್ ಬರೆದಿಲ್ಲದಿದ್ದರೂ ತಡವಾಯಿತು ಅಂತಲ್ಲ. ಸಾವಿನ ನಂತರ ಎಸ್ಟೇಟ್ ರಿಟರ್ನ್ ಸಲ್ಲಿಸುವ ಮೊದಲು ಹೆಂಡತಿಯೇ ಇಂಥ ಟ್ರಸ್ಟ್ ಮಾಡಿ ಆಸ್ತಿ ಹಾಕಬಹುದು. ರಿಟರ್ನಿಗೆ ಗಡುವು 9 ತಿಂಗಳು, ಕೇಳಿದರೆ ಇನ್ನೂ 6 ತಿಂಗಳು. ತಿಥಿ, ಮಕ್ಕಳ ಶಾಲೆ, ವೀಸಾ ಅಂತ ಓಡಾಡುವ ಹೊತ್ತಿನಲ್ಲಿ 9 ತಿಂಗಳು ಹೋಗಿದ್ದೇ ಗೊತ್ತಾಗುವುದಿಲ್ಲ.

ಪೌರತ್ವ ತಗೊಂಡರೆ ಆಯ್ತಲ್ಲ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಕಾನೂನೂ ಇದಕ್ಕೆ ಅವಕಾಶ ಕೊಟ್ಟಿದೆ. ಗಂಡ ತೀರಿಕೊಂಡ ದಿನದಿಂದ ಅಮೆರಿಕದಲ್ಲೇ ನೆಲೆಸಿದ್ದು, ರಿಟರ್ನ್ ಸಲ್ಲಿಸುವ ಮೊದಲು ಪೌರತ್ವ ಸಿಕ್ಕರೆ ಪೂರ್ತಿ ರಿಯಾಯಿತಿ ಸಿಗುತ್ತದೆ. ಕ್ಯೂಡಾಟ್ ಮಾಡಿದ ಮೇಲೆ ಪೌರತ್ವ ಬಂದರೂ ಕೆಲವು ಷರತ್ತುಗಳ ಮೇಲೆ ಆ ಟ್ರಸ್ಟಿನ ಕಟ್ಟುಪಾಡು ಕಳಚುತ್ತದೆ.

ಆದರೆ ಭಾರತೀಯರಿಗೆ ಇದು ಹೇಳಿದಷ್ಟು ಸಲೀಸಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇದೆ. ಅರ್ಜಿ ಹಾಕುವ ಭಾರತೀಯರು ಜಾಸ್ತಿ, ಹಾಗಾಗಿ ಸರದಿ ವರ್ಷಗಟ್ಟಲೆ ಬೆಳೆದಿದೆ. ಕಾರ್ಡ್ ಸಿಕ್ಕ ಮೇಲೂ ಪೌರತ್ವಕ್ಕೆ ಸಾಮಾನ್ಯವಾಗಿ 5 ವರ್ಷ ಕಾಯಬೇಕು. ಪೌರರನ್ನು ಮದುವೆಯಾಗಿ ಜೊತೆಗೇ ಬಾಳುತ್ತಿದ್ದರೆ 3 ವರ್ಷ.

ಇನ್ನೊಂದು ಕಡೆ, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಮೆರಿಕದ್ದು ತೆಗೆದುಕೊಂಡ ಕ್ಷಣ ಭಾರತದ್ದು ಹೋಗುತ್ತದೆ. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಓಡಾಟಕ್ಕೆ ಅನುಕೂಲ, ಮತದಾನದ ಹಕ್ಕಿಗೆ ಅಲ್ಲ. ಹಾಗಾಗಿ ಒಬ್ಬರು ಪೌರತ್ವ ತೆಗೆದುಕೊಂಡು, ಇನ್ನೊಬ್ಬರು ವಯಸ್ಸಾದ ಅಪ್ಪ-ಅಮ್ಮ, ಊರು, ವಾಪಸ್ ಹೋಗುವ ಆಸೆ ಅಂತ ಭಾರತದ ಪಾಸ್‌ಪೋರ್ಟ್ ಉಳಿಸಿಕೊಳ್ಳುವುದು ಅಪರೂಪವೇನಲ್ಲ. ಎಸ್ಟೇಟ್ ಟ್ಯಾಕ್ಸ್ ಕಾನೂನು ಬೇರೆ ಬೇರೆಯಾಗಿ ನೋಡುವುದು ಇಂಥ ಜೋಡಿಗಳನ್ನೇ.

ಬದುಕಿರುವಾಗಲೂ ಇದೇ ಗೆರೆ

ಸಂಗಾತಿ ಪೌರರಾಗಿದ್ದರೆ ಎಷ್ಟು ಬೇಕಾದರೂ ಉಡುಗೊರೆ ಕೊಡಬಹುದು. ಪೌರರಲ್ಲದಿದ್ದರೆ ವರ್ಷಕ್ಕೆ ಮಿತಿ ಇದೆ: 2025ರಲ್ಲಿ 1,90,000 ಡಾಲರ್, 2026ರಲ್ಲಿ 1,94,000. ಇದನ್ನು ಮೀರಿದ್ದು 1.5 ಕೋಟಿಯ ಖಾತೆಯಿಂದ ಕಳೆಯುತ್ತಾ ಹೋಗುತ್ತದೆ, ರಿಟರ್ನೂ ಹಾಕಬೇಕು.

ಜಂಟಿ ಹೆಸರಿನಲ್ಲಿರುವ ಮನೆಗೂ ಒಂದು ಕೊಕ್ಕೆ ಇದೆ. ಇಬ್ಬರೂ ಪೌರರಾಗಿದ್ದರೆ ಮನೆಯ ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು ಅಂತ ಕಾನೂನು ತಾನಾಗಿಯೇ ಒಪ್ಪುತ್ತದೆ. ಉಳಿದವರು ಪೌರರಲ್ಲದಿದ್ದರೆ ಪೂರ್ತಿ ಮನೆಯನ್ನು ಸತ್ತವರ ಆಸ್ತಿ ಅಂತಲೇ ಹಿಡಿಯುತ್ತಾರೆ. ತನ್ನ ಸಂಬಳದಿಂದ ಕಂತು ಕಟ್ಟಿದ್ದೆ ಅಂತ ಉಳಿದವರು ದಾಖಲೆ ತೋರಿಸಿದರೆ ಅಷ್ಟು ಭಾಗ ಬಿಡುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಬ್ಯಾಂಕ್ ಸ್ಟೇಟ್‌ಮೆಂಟ್ ಎಷ್ಟು ಜನ ಇಟ್ಟುಕೊಂಡಿರುತ್ತಾರೆ?

ಡೊಮಿಸೈಲ್: ವೀಸಾ ನೋಡಿ ಹೇಳಲಾಗದು

ಆದಾಯ ತೆರಿಗೆಗೆ ಯಾರು ನಿವಾಸಿ ಅನ್ನುವುದು ಬಹುಮಟ್ಟಿಗೆ ದಿನಗಳ ಲೆಕ್ಕ. ಎಚ್-1ಬಿ ಕೆಲಸದ ವೀಸಾದಲ್ಲಿ ಹೋದವರೂ ಸಾಕಷ್ಟು ದಿನ ಇದ್ದರೆ ನಿವಾಸಿಗಳಾಗುತ್ತಾರೆ. ಎಸ್ಟೇಟ್ ಟ್ಯಾಕ್ಸ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಕೇಳುವುದು, ಅಮೆರಿಕದಲ್ಲೇ ಉಳಿಯುವ ಉದ್ದೇಶ ಇತ್ತೇ, ವಾಪಸ್ ಹೋಗುವ ಗಟ್ಟಿ ಯೋಚನೆ ಇತ್ತೇ ಅಂತ. ಸತ್ತವರನ್ನು ಕೇಳಲಾಗದು. ಆದ್ದರಿಂದ ಮನೆ ಎಲ್ಲಿ, ಹೆಂಡತಿ-ಮಕ್ಕಳು ಎಲ್ಲಿ, ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದರೇ, ವಿಲ್‌ನಲ್ಲಿ ತಮ್ಮ ಊರು ಯಾವುದು ಅಂತ ಬರೆದಿದ್ದಾರೆ, ಇಂಥದ್ದನ್ನೆಲ್ಲ ನೋಡುತ್ತಾರೆ. ಗ್ರೀನ್ ಕಾರ್ಡ್ ಇದ್ದರೆ ವಾದ ಗಟ್ಟಿ. ಎಚ್-1ಬಿ ಆದರೆ ಎರಡೂ ಕಡೆ ವಾದ ಮಾಡಬಹುದು.

ಇಲ್ಲೊಂದು ತಮಾಷೆ ಇದೆ. ಆದಾಯ ತೆರಿಗೆಯಲ್ಲಿ ಜನ ‘ನಾನು ನಿವಾಸಿ ಅಲ್ಲ’ ಅಂತ ವಾದ ಮಾಡುತ್ತಾರೆ. ಎಸ್ಟೇಟ್ ಟ್ಯಾಕ್ಸ್‌ನಲ್ಲಿ ಒಟ್ಟು ಆಸ್ತಿ 1.5 ಕೋಟಿ ಡಾಲರ್ ಒಳಗಿರುವವರ ಮನೆಯವರು ‘ಅವರ ನೆಲೆ ಅಮೆರಿಕವೇ ಆಗಿತ್ತು’ ಅಂತ ವಾದ ಮಾಡಬೇಕಾಗುತ್ತದೆ. ಯಾಕೆ ಅನ್ನುವುದಕ್ಕೆ ಉತ್ತರ ಮುಂದಿನ ಭಾಗದಲ್ಲಿದೆ. ನನ್ನ ಪ್ರಕಾರ ಸುದ್ದಿಗಳಲ್ಲಿ ಸರಿಯಾಗಿ ಬಾರದೇ ಹೋದ ಭಾಗವೂ ಅದೇ.

60,000 ಡಾಲರ್ ಮತ್ತು ಬೆಂಗಳೂರು

ಪೌರರೂ ಅಲ್ಲದ, ಅಮೆರಿಕದಲ್ಲಿ ನೆಲೆಯೂ ಇಲ್ಲದವರಿಗೆ ತೆರಿಗೆ ಬೀಳುವುದು ಅಮೆರಿಕದಲ್ಲಿರುವ ಆಸ್ತಿಗೆ ಮಾತ್ರ. ಆದರೆ ವಿನಾಯಿತಿ 60,000 ಡಾಲರ್. ರೂಪಾಯಿಯಲ್ಲಿ 50 ಲಕ್ಷದ ಆಸುಪಾಸು. ಬೆಂಗಳೂರಿನ ಐಟಿ ಲೋಕದಲ್ಲಿ ಇದು ದೊಡ್ಡ ಮೊತ್ತವೇನಲ್ಲ.

ಅಮೆರಿಕದಲ್ಲಿರುವ ಆಸ್ತಿ ಅಂದರೆ ಯಾವುದು? ಅಲ್ಲಿನ ಮನೆ, ಜಮೀನು ಸರಿ. ಅಮೆರಿಕದ ಕಂಪನಿಗಳ ಷೇರು ಕೂಡ, ಅದನ್ನು ಹೊಂದಿದವರು ಬೆಳ್ಳಂದೂರಿನಲ್ಲೇ ಕೂತಿದ್ದರೂ. ಅಮೆರಿಕದಲ್ಲಿ ನೋಂದಣಿಯಾಗಿ ಷೇರುಪೇಟೆಯಲ್ಲಿ ಮಾರಾಟವಾಗುವ ಫಂಡ್ ಅಂದರೆ ಇಟಿಎಫ್, ಹಿಂದೆ ಅಲ್ಲಿ ಕೆಲಸ ಮಾಡಿದ್ದಾಗ ಕೂಡಿಟ್ಟ 401(ಕೆ) ನಿವೃತ್ತಿ ಖಾತೆ, ಬ್ರೋಕರ್ ಹತ್ತಿರ ಉಳಿದ ನಗದು, ಇವೆಲ್ಲ ಸೇರುತ್ತವೆ. ವಿಚಿತ್ರ ಅಂದರೆ ಅಮೆರಿಕದ ಬ್ಯಾಂಕಿನ ಸಾಮಾನ್ಯ ಖಾತೆಯ ಹಣ ಸೇರುವುದಿಲ್ಲ. ಜೀವವಿಮೆಯ ಹಣವೂ ಇಲ್ಲ. ಒಂದೇ ಹಣ ಬ್ಯಾಂಕಿನಲ್ಲಿದ್ದರೆ ಒಂದು ಲೆಕ್ಕ, ಬ್ರೋಕರ್ ಖಾತೆಯಲ್ಲಿದ್ದರೆ ಇನ್ನೊಂದು ಲೆಕ್ಕ.

ಈಗ ಬೆಂಗಳೂರಿನ ಮೂರು ಮನೆಗಳನ್ನು ಊಹಿಸಿಕೊಳ್ಳಿ. ಮೂರರಲ್ಲೂ ಗಂಡನ ಹೆಸರಿನಲ್ಲಿ 5 ಲಕ್ಷ ಡಾಲರ್ ಬೆಲೆಯ ಅಮೆರಿಕದ ಷೇರು. ಮೊದಲನೆಯವರು ಅಮೆರಿಕದ ಪೌರತ್ವ ತೆಗೆದುಕೊಂಡು ಒಸಿಐ ಕಾರ್ಡಿನಲ್ಲಿ ವಾಪಸ್ ಬಂದವರು. ಎರಡನೆಯವರು ಹದಿನೈದು ವರ್ಷ ಅಲ್ಲಿದ್ದು ಗ್ರೀನ್ ಕಾರ್ಡ್ ಹಿಂದಿರುಗಿಸಿ ಬಂದ ಭಾರತೀಯ ಪೌರ. ಮೂರನೆಯವರು ಅಮೆರಿಕದಲ್ಲಿ ಯಾವತ್ತೂ ನೆಲೆಸಿದವರಲ್ಲ. ಹೊರವರ್ತುಲ ರಸ್ತೆಯ ಆಫೀಸಿನಲ್ಲಿ ಅಮೆರಿಕನ್ ಕಂಪನಿಗೆ ದುಡಿದು, ಸಂಬಳದ ಜೊತೆ ಕಂಪನಿಯೇ ಕೊಡುವ ಷೇರು ಅಂದರೆ ಆರ್‌ಎಸ್‌ಯು ಕೂಡಿಟ್ಟವರು.

ಮೂವರ ಹೆಂಡತಿಯರೂ ಭಾರತದ ಪೌರರು. ಗಂಡ ತೀರಿಕೊಂಡರೆ ಮೊದಲ ಮನೆಗೆ ತೆರಿಗೆ ಸೊನ್ನೆ, ಏಕೆಂದರೆ ಪೌರರು ಎಲ್ಲೇ ಬದುಕಲಿ 1.5 ಕೋಟಿಯ ವಿನಾಯಿತಿ ಅವರ ಜೊತೆಗೇ ಇರುತ್ತದೆ. ಎರಡನೆಯ, ಮೂರನೆಯ ಮನೆಗೆ, ಬೇರೇನೂ ಕಳೆಯದಿದ್ದರೆ, ಹಂತ ಹಂತದ ದರದಲ್ಲಿ 1,42,800 ಡಾಲರ್. ಅಂದರೆ ಆಸ್ತಿಯ ಕಾಲು ಭಾಗಕ್ಕೂ ಜಾಸ್ತಿ. ಇವರ ಹೆಂಡತಿ ಅಮೆರಿಕನ್ ಪೌರಳಾಗಿದ್ದು ಆಸ್ತಿ ಆಕೆಗೇ ಹೋಗಿದ್ದರೆ ಇಲ್ಲೂ ಸೊನ್ನೆ. ಸಂಗಾತಿ ರಿಯಾಯಿತಿಗೆ ಕೇಳುವುದು ಉಳಿದವರ ಪೌರತ್ವವನ್ನು ಅಂದೆವಲ್ಲ, ಆ ನಿಯಮ ಇಲ್ಲಿಗೂ ಅನ್ವಯ.

ಇದರ ಬಿಸಿ ಮೊದಲು ತಟ್ಟುವುದು ತೆರಿಗೆ ನೋಟಿಸಿನಿಂದ ಅಲ್ಲ, ಬ್ರೋಕರ್‌ನಿಂದ. ಮರಣ ಪತ್ರ ಕಳಿಸಿ ಷೇರು ವರ್ಗಾಯಿಸಿ ಅಂದರೆ, ಅವರು ಖಾತೆಯನ್ನು ತಡೆಹಿಡಿದು, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ‘ಟ್ರಾನ್ಸ್‌ಫರ್ ಸರ್ಟಿಫಿಕೇಟ್’ ತನ್ನಿ ಅನ್ನುತ್ತಾರೆ. ಅದು ಫಾರ್ಮ್ 5173. ಅದು ಬೇಕೆಂದರೆ ಫಾರ್ಮ್ 706-ಎನ್‌ಎ ತುಂಬಿ ತೆರಿಗೆ ಚುಕ್ತಾ ಮಾಡಿರಬೇಕು. ಅದಕ್ಕೆ ಸತ್ತ ದಿನದ ಷೇರು ಬೆಲೆ, ವಾರಸುದಾರರ ದಾಖಲೆ, ವಿಲ್‌ನ ಪ್ರತಿ ಎಲ್ಲ ಹೊಂದಿಸಬೇಕು. ತಿಂಗಳುಗಟ್ಟಲೆ ಷೇರು ಮಾರುವ ಹಾಗಿಲ್ಲ, ಅಷ್ಟರಲ್ಲಿ ಬೆಲೆ ಬಿದ್ದರೂ ನೋಡುತ್ತಾ ಕೂರಬೇಕು. ನಾಮಿನಿ ಹೆಸರು ಹಾಕಿದ್ದರೆ ಸಾಕು ಅಂತ ಇಲ್ಲಿನವರು ನಂಬಿರುತ್ತಾರೆ. ನಾಮಿನಿ ಇದ್ದರೂ ತೆರಿಗೆ ತಪ್ಪುವುದಿಲ್ಲ.

ತಪ್ಪಿಸಿಕೊಳ್ಳುವ ದಾರಿಗಳೂ ಕಾನೂನಿನ ಒಳಗೇ ಇವೆ. ಆರ್‌ಎಸ್‌ಯು ಕೈಗೆ ಬಂದಂತೆ ಮಾರಿ ಭಾರತಕ್ಕೆ ತಂದರೆ ಈ ತೆರಿಗೆ ಇಲ್ಲ. ಅಮೆರಿಕದ ಷೇರುಗಳಲ್ಲೇ ಹೂಡುವ, ಆದರೆ ಐರ್ಲೆಂಡ್‌ನಲ್ಲಿ ನೋಂದಣಿಯಾದ ಫಂಡುಗಳು ಅಮೆರಿಕದ ಆಸ್ತಿ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ನೆಲೆಯಿಲ್ಲದ ವಿದೇಶಿಯರು ಬದುಕಿರುವಾಗ ಅಲ್ಲಿನ ಷೇರನ್ನು ಉಡುಗೊರೆ ಕೊಟ್ಟರೆ ಅಮೆರಿಕದ ಗಿಫ್ಟ್ ಟ್ಯಾಕ್ಸ್ ಬೀಳುವುದಿಲ್ಲ. ಆದರೆ ಹೆಂಡತಿಗೆ ಕೊಟ್ಟರೆ, ಅದರಿಂದ ಬರುವ ಆದಾಯವನ್ನು ಭಾರತದ ಆದಾಯ ತೆರಿಗೆ ಕಾನೂನು ಗಂಡನ ಲೆಕ್ಕಕ್ಕೇ ಸೇರಿಸುತ್ತದೆ.

ಪರ, ವಿರೋಧ

ಈ ಭೇದವನ್ನು ಸಮರ್ಥಿಸುವವರ ವಾದ ಸರಳ. ಸಂಗಾತಿಗೆ ಕೊಡುವ ರಿಯಾಯಿತಿ ಮುಂದೂಡಿಕೆ ಮಾತ್ರ. ಮುಂದೆ ವಸೂಲಿ ಮಾಡಲು ದಾರಿ ಇದ್ದರೆ ಮಾತ್ರ ಮುಂದೂಡಬಹುದು. ಪೌರರು ಎಲ್ಲಿ ಹೋದರೂ ಅಮೆರಿಕದ ತೆರಿಗೆ ಅವರನ್ನು ಹಿಂಬಾಲಿಸುತ್ತದೆ, ವಿದೇಶಿಯರನ್ನು ಹಾಗೆ ಹಿಂಬಾಲಿಸಲಾಗದು.

ವಿರೋಧಿಸುವವರು ಕೇಳುವುದು ಬೇರೆ. ಮೂವತ್ತು ವರ್ಷ ಅಲ್ಲೇ ಬದುಕಿ, ದುಡಿದು, ತೆರಿಗೆ ಕಟ್ಟಿದ ಗ್ರೀನ್ ಕಾರ್ಡಿನ ವಿಧವೆ ಗಂಡನ ಹಣ ಹೊತ್ತು ಓಡಿಹೋಗುತ್ತಾಳೆ ಅಂತ ಮೊದಲೇ ತೀರ್ಮಾನಿಸುವುದು ಯಾವ ನ್ಯಾಯ? ದೇಶ ಬಿಡುವ ಭಯವಿದ್ದರೆ ಬಿಡುವಾಗ ತೆರಿಗೆ ಹಾಕಲಿ. ಈ ವಾದದಲ್ಲಿ ಹುರುಳಿದೆ. ಆದರೂ ಕ್ಯೂಡಾಟ್ ಇರುವುದರಿಂದ ಆ ವಿಧವೆಗೆ ದಾರಿ ಪೂರ್ತಿ ಮುಚ್ಚಿಲ್ಲ, ದುಬಾರಿಯಾಗಿದೆ ಅಷ್ಟೆ.

60,000 ಡಾಲರ್ ಮಿತಿಗೆ ಇಂಥ ಸಮರ್ಥನೆಯೂ ಸಿಗುವುದು ಕಷ್ಟ. 1988ರಲ್ಲಿ ಈ ಮಿತಿ ನಿಗದಿಯಾದಾಗ ಪೌರರ ವಿನಾಯಿತಿ 6 ಲಕ್ಷ ಡಾಲರ್ ಇತ್ತು. ಅಂದರೆ ಹತ್ತು ಪಟ್ಟು ಅಂತರ. ಪೌರರ ಮಿತಿ ಏರುತ್ತಾ ಏರುತ್ತಾ 1.5 ಕೋಟಿ ಮುಟ್ಟಿದೆ, ಇದು ಅಲ್ಲೇ ನಿಂತಿದೆ. ಈಗ ಅಂತರ 250 ಪಟ್ಟು. ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಿಸುವ ವ್ಯವಸ್ಥೆಯೂ ಇದಕ್ಕಿಲ್ಲ. ಹೊರದೇಶದಲ್ಲಿ ಕೂತವರಿಗೆ ಅಲ್ಲಿ ಮತವಿಲ್ಲ, ಕೇಳುವವರೂ ಇಲ್ಲ.

ಮುಂದೆ ಏನಾಗಬಹುದು

ಹೊಸ ಕಾನೂನು 1.5 ಕೋಟಿಗೆ ಕೊನೆಯ ದಿನಾಂಕ ಇಟ್ಟಿಲ್ಲ. 2017ರ ಕಾನೂನಿಗೆ ಅಂಥ ಗಡುವಿತ್ತು. 2025ರ ಕೊನೆಗೆ ವಿನಾಯಿತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕಿತ್ತು. ಈಗ ಆ ಭಯ ಹೋಗಿದೆ. ಆದರೆ ಸಂಸತ್ತು ಬದಲಾದರೆ ಅಂಕಿಯೂ ಬದಲಾಗಬಹುದು. 2027ರಿಂದ ಈ ಮೊತ್ತ ಬೆಲೆ ಏರಿಕೆಯ ಜೊತೆ ಏರುತ್ತದೆ, ಹಾಗಾಗಿ 60,000ದ ಜೊತೆಗಿನ ಅಂತರ ವರ್ಷ ವರ್ಷ ಹಿಗ್ಗುತ್ತದೆ. ಇತ್ತ ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಿ ಮೊಬೈಲ್ ಆ್ಯಪ್‌ನಲ್ಲೇ ಅಮೆರಿಕದ ಷೇರು ಕೊಳ್ಳಲು ಅವಕಾಶವಿದೆ. ಹೀಗೆ ಕೊಂಡವರಲ್ಲಿ ಹೆಚ್ಚಿನವರು ಇದೇ 60,000ದ ಗುಂಪಿನವರು.

ಇದಕ್ಕೆ ಸಾಮಾನ್ಯವಾಗಿ ಇರುವ ಪರಿಹಾರ ದೇಶಗಳ ನಡುವಿನ ಒಪ್ಪಂದ. ಬ್ರಿಟನ್, ಜರ್ಮನಿಯಂಥ ದೇಶಗಳು ಅಮೆರಿಕದ ಜೊತೆ ಎಸ್ಟೇಟ್ ತೆರಿಗೆ ಒಪ್ಪಂದ ಮಾಡಿಕೊಂಡಿವೆ. ಕೆನಡಾ ತನ್ನ ಆದಾಯ ತೆರಿಗೆ ಒಪ್ಪಂದದಲ್ಲೇ ಇದನ್ನು ಸೇರಿಸಿದೆ, ಹಾಗಾಗಿ ಕೆನಡಾದವರಿಗೆ ದೊಡ್ಡ ವಿನಾಯಿತಿಯಲ್ಲಿ ಆಸ್ತಿಯ ಪ್ರಮಾಣಕ್ಕೆ ತಕ್ಕ ಪಾಲು ಸಿಗುತ್ತದೆ. ಭಾರತದ ಜೊತೆ ಇರುವುದು ಆದಾಯ ತೆರಿಗೆ ಒಪ್ಪಂದ ಮಾತ್ರ. ಎಸ್ಟೇಟ್ ತೆರಿಗೆಗೆ ಒಪ್ಪಂದ ಇಲ್ಲ.

ಅದು ಸದ್ಯಕ್ಕೆ ಬರುವ ಲಕ್ಷಣವೂ ಕಾಣುತ್ತಿಲ್ಲ. ಇಂಥ ಒಪ್ಪಂದ ಆಗುವುದು ಎರಡೂ ದೇಶಗಳು ಸಾವಿನ ಮೇಲೆ ತೆರಿಗೆ ಹಾಕುವಾಗ, ‘ನೀನು ಇಷ್ಟು ಬಿಡು, ನಾನು ಇಷ್ಟು ಬಿಡುತ್ತೇನೆ’ ಅಂತ. ಭಾರತದಲ್ಲೂ 1953ರ ಕಾಯ್ದೆಯ ಎಸ್ಟೇಟ್ ಡ್ಯೂಟಿ ಇತ್ತು, ಮೇಲಿನ ಹಂತದಲ್ಲಿ ದರ ಶೇ 85 ಮುಟ್ಟಿತ್ತು. 1985ರಲ್ಲಿ ಹಣಕಾಸು ಸಚಿವರಾಗಿದ್ದ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದ ಜೊತೆ ಚೌಕಾಸಿಗೆ ಕೂತರೆ ಬಿಟ್ಟುಕೊಡಲು ಭಾರತದ ಕೈಯಲ್ಲಿ ಈಗ ಅಂಥ ತೆರಿಗೆಯೇ ಇಲ್ಲ.